ಒಂದ ಬಡ್ಡಿ, ಎರಡು ಕಡೆ ಲೆಕ್ಕ

ರಿಟರ್ನ್ ತುಂಬೋ ದಿನಾ ಬಂದ್ವು. ಮನ್ಯಾಗ ಪೆನ್ಶನ್ ತಗೋಳ್ಳೋ ಹಿರಿಯರಿದ್ರ ಮೊದಲ ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನ್ಯಾಗ ಅವರ ಎಐಎಸ್ ತಗದು ನೋಡ್ರಿ. ಒಂದ ಬಡ್ಡಿ ಎರಡು ಸಲ ಕೂತಿರಬಹುದು.

ನಮ್ಮ ಅತ್ತಿಯವರು ರಿಟೈರ್ ಆದ ಸಾಲಿ ಟೀಚರ್. 2023-24ರಾಗ ಅವರ ಪೆನ್ಶನ್ 6,20,000 ರೂಪಾಯಿ, ಎಫ್‌ಡಿ ಬಡ್ಡಿ 92,000. ಎಐಎಸ್‌ನ್ಯಾಗ ಬಡ್ಡಿ 1,84,000 ಅಂತ ಇತ್ತು! "ಸರಕಾರದವರ ಬರದಾರಂದ್ರ ಖರೇನ ಇರ್ತದವಾ, ತುಂಬಿಬಿಡು" ಅಂದ್ರು ಅತ್ತಿ.

ಹಂಗ ತುಂಬಿದ್ರ ಏನಾಗ್ತಿತ್ತು ನೋಡ್ರಿ. ಹೊಸಾ ಪದ್ಧತಿಯೊಳಗ 50,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳದ್ರ ಅವರ ಆದಾಯ 6,62,000. ಆ ವರ್ಷ 7 ಲಕ್ಷದ ತನಕಾ ತೆರಿಗಿ ಬೀಳ್ತಿದ್ದಿಲ್ಲ. ಬಡ್ಡಿ ಎರಡು ಸಲ ಹಿಡದ್ರ 7,54,000 ಆಗಿ, ಸೆಸ್ ಸೇರಿ 31,616 ರೂಪಾಯಿ ತೆರಿಗಿ! ಬ್ಯಾಂಕಿನವರು ಹಿಡಕೊಂಡ 9,200 ಟಿಡಿಎಸ್ ವಾಪಸ್ ಬರೋದಂತೂ ದೂರ, ಕೈಯಿಂದ ಮತ್ತ 22 ಸಾವಿರ ಹೋಗ್ತಿತ್ತು.

ಹಿಂಗ್ಯಾಕ ಆಗ್ತದಂದ್ರ, ಬ್ಯಾಂಕು ಒಂದ ಬಡ್ಡೀನ ಎರಡು ದಾರೀಲೆ ತಿಳಸ್ತದ. ಟಿಡಿಎಸ್ ಭಾಗದಾಗ ಮೂರು ಮೂರು ತಿಂಗಳಿಗೆ, ಎಸ್‌ಎಫ್‌ಟಿ ಭಾಗದಾಗ ಇಡೀ ವರ್ಷದ್ದು. ಬಹಳ ಸಲ ಕಂಪ್ಯೂಟರ್ ತಾನ ಗುರ್ತು ಹಿಡದು ಒಂದನ್ನ ಬಿಡ್ತದ. ಹಿಡೀಲಿಲ್ಲಂದ್ರ ಎರಡೂ ಕೂಡ್ತಾವ. ಅಲ್ಲೆ ನಾಲ್ಕು ಸಾಲು, ಇಲ್ಲೆ ಒಂದ ಸಾಲು. ನೋಡಿದ್ರ ಜೋಡಿ ಅಂತ ಅನಸೋದ ಇಲ್ಲ. ಆ ನಾಲ್ಕನ್ನ ಕೂಡಿಸಿ ನೋಡಿದ್ರ ತಿಳೀತದ.

ಮೊದಲ ಬ್ಯಾಂಕಿನಿಂದ ಬಡ್ಡಿ ಸರ್ಟಿಫಿಕೇಟ್ ತರ್ರಿ. ಖಾತೆ ನಂಬರ್ ಹಚ್ಚಿ ನೋಡ್ರಿ; ಎರಡು ಬ್ಯಾರೆ ಬ್ಯಾರೆ ಎಫ್‌ಡಿ ಇದ್ರ ಅದು ಡುಪ್ಲಿಕೇಟ್ ಅಲ್ಲ, ಎರಡನ್ನೂ ತೋರಸಬೇಕು. ಒಂದ ಅಂತ ಖಾತ್ರಿ ಆದ್ರ ಎಸ್‌ಎಫ್‌ಟಿ ಸಾಲು ಒತ್ತಿ, ಫೀಡ್‌ಬ್ಯಾಕ್‌ನ್ಯಾಗ 'ಡುಪ್ಲಿಕೇಟ್' ಅನ್ನೋದನ್ನ ಆರಸ್ರಿ. ಟಿಡಿಎಸ್ ಸಾಲು ಮುಟ್ಟಬ್ಯಾಡ್ರಿ, ಹಿಡಕೊಂಡ ರೊಕ್ಕದ ಲೆಕ್ಕ ಅಲ್ಲೇ ಇರ್ತದ. ಕಳಿಸಿದ ಮ್ಯಾಲೆ ಬರೋ ರಶೀದಿ ಇಳಿಸಿಕೊಂಡು, ಸರ್ಟಿಫಿಕೇಟ್ ಜೋಡಿ ಇಟಗೋರಿ. ರಿಟರ್ನ್‌ನ್ಯಾಗ ಬರಿಯೋದು ಖರೇ ಬಡ್ಡಿ ಅಷ್ಟ.

ಅತ್ತಿಯವರ 9,200 ಪೂರಾ ವಾಪಸ್ ಬಂತು. ಎಐಎಸ್ ಅಂದ್ರ ಮಂದಿ ನಮ್ಮ ಬಗ್ಗೆ ಬರದ ಕಳಿಸಿದ ಲೆಕ್ಕ. ಕಿರಾಣಿ ಚೀಟಿ ತಿರುವಿ ಕೂಡಿಸಿ ನೋಡೋ ನಾವು, ಇದನ್ನೂ ಒಮ್ಮೆ ಕೂಡಿಸಿ ನೋಡೂಣು.