ಅಜ್ಜಿಗೊಂದು ಆಂಪ್ಲಿಫೈಯರು

ನಮ್ಮ ಹಾಸನದ ಕಡೆ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವುದನ್ನು ನೋಡಿದವರಿಗೆ ಗೊತ್ತು. ಕೊಳ್ಳುವವನು ಮೊದಲು ಹಲ್ಲು ಹಿಡಿದು ನೋಡುತ್ತಾನೆ, ಆಮೇಲೆ ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕಡೆಗೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುತ್ತಾನೆ. ಕೊಂಬಿಗೆ ಬಳಿದ ಬಣ್ಣ ನೋಡಿ ದುಡ್ಡು ಎಣಿಸಿಕೊಟ್ಟವನನ್ನು ಕಂಡು ಇಡೀ ಜಾತ್ರೆಯೇ ನಗುತ್ತದೆ. ನಲವತ್ತು ವರ್ಷ ಹಳೆಯದಾದ ಸ್ಟೀರಿಯೊ ಆಂಪ್ಲಿಫೈಯರೊಂದನ್ನು ಕೊಳ್ಳಲು ಹೊರಟ ನಾನು ಮಾಡಿದ್ದು ಈ ಕೆಲಸವನ್ನೇ. ಹತ್ತಿರದವರು ನಕ್ಕಾಗಿದೆ. ಮಿತ್ರರೂ ಅಧ್ಯಾಪಕ ವರ್ಗದವರೂ ತಡವಾಗಿಯಾದರೂ ನಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಇತಿಹಾಸ ಓದುವ ಹುಡುಗನಿಗೆ ಈ ಉಸಾಬರಿ ಏಕೆ ಬಂತು ಎಂದು ಕೇಳಬಹುದು. ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದೆ. ಅದರಲ್ಲಿ ನಮ್ಮ ಅಜ್ಜ ಕೂಡಿಸಿಟ್ಟ ಅರವತ್ತು ಚಿಲ್ಲರೆ ಗ್ರಾಮಫೋನ್ ಪ್ಲೇಟುಗಳಿವೆ. ಮೂವತ್ತಮೂರು ಸುತ್ತಿನ ದೊಡ್ಡ ಪ್ಲೇಟುಗಳೇ ಹೆಚ್ಚು: ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ, ಚೌಡಯ್ಯನವರ ಪಿಟೀಲು, ಭೀಮಸೇನ ಜೋಶಿಯವರು ಹಾಡಿದ ದಾಸರ ಪದಗಳು, ಜೊತೆಗೆ ಸಿನಿಮಾ ಹಾಡುಗಳ ಅಂಗೈಯಗಲದ ಪ್ಲೇಟುಗಳು ಒಂದಷ್ಟು. ಪ್ಲೇಟು ತಿರುಗಿಸುವ ಯಂತ್ರವೂ ಇದೆ. ಆದರೆ ಅದರ ಶಬ್ದವನ್ನು ಹಿಗ್ಗಿಸುವ ಆಂಪ್ಲಿಫೈಯರು ಚಿಕ್ಕಪ್ಪನ ಮದುವೆಯ ಸಾಲಕ್ಕೆ ಎಂದೋ ಮಾರಾಟವಾಯಿತು. ಅಜ್ಜ ಆ ಮಾತನ್ನು ಮತ್ತೆ ಎತ್ತಲಿಲ್ಲವಂತೆ. ಟ್ರಂಕಿಗೆ ಬೀಗ ಹಾಕಿ ಬೀಗದ ಕೈಯನ್ನು ಅಜ್ಜಿಗೆ ಕೊಟ್ಟರಂತೆ. ಅಜ್ಜ 2019ರಲ್ಲಿ ತೀರಿಕೊಂಡರು.

ಅಜ್ಜಿಗೆ ಎಡಗಿವಿ ಹೋಗಿ ಹತ್ತು ವರ್ಷದ ಮೇಲಾಯಿತು. ಬಲಗಿವಿಗೆ ಯಂತ್ರವಿದೆ. ಕಳೆದ ವರ್ಷ ಅವರನ್ನು ತಪಾಸಣೆಗೆ ಕರೆದುಕೊಂಡು ಹೋದವನು ನಾನೇ. ವೈದ್ಯರು ಒಂದು ಕಾಗದದ ಮೇಲೆ ಇಳಿಜಾರು ಗೆರೆ ತೋರಿಸಿ, ಬಲಗಿವಿಯೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ ಎಂದು ತಗ್ಗಿದ ದನಿಯಲ್ಲಿ ನನಗೆ ಹೇಳಿದರು. ಅಜ್ಜಿಗೆ ಕೇಳಿಸದಿರಲಿ ಎಂದು ತಗ್ಗಿಸಿದರೋ ಏನೋ; ಅವರು ಎಂದಿನಂತೆ ಮಾತಾಡಿದ್ದರೂ ಕೇಳಿಸುತ್ತಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಅಜ್ಜಿ ತಾವಾಗಿಯೇ, "ಆ ವೀಣೆ ಪ್ಲೇಟು ಒಂದ್ಸಲ ಕೇಳಬೇಕು ಕಣೋ ಮಗಾ," ಎಂದರು. ಮತ್ತೇನೂ ಹೇಳಲಿಲ್ಲ.

ಹಾಡಿಗೇನು ಬರ, ಫೋನಿನಲ್ಲೇ ಹಾಕಿಕೊಡಬಹುದಲ್ಲ ಎಂದು ನನ್ನ ಗೆಳೆಯರು ಅಂದರು. ಹಾಕಿಯೂ ಕೊಟ್ಟೆ. ಅಜ್ಜಿ ಮರ್ಯಾದೆಗೆ ಎರಡು ನಿಮಿಷ ಕೇಳಿ, "ಇದು ಅದಲ್ಲ," ಎಂದು ಹಿಂತಿರುಗಿಸಿದರು. ಅಜ್ಜಿಗೆ ಬೇಕಾಗಿದ್ದದ್ದು ವೀಣೆ ಮಾತ್ರವಲ್ಲ, ಅಜ್ಜನ ಪ್ಲೇಟು.

ಸರಿ, ಗೆಳೆಯನೊಬ್ಬನ ಹೊಸ ಸ್ಪೀಕರಿಗೆ ಅಜ್ಜನ ಯಂತ್ರವನ್ನು ನೇರವಾಗಿ ತಂತಿಯಿಂದ ಜೋಡಿಸಿದೆ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಸೊಳ್ಳೆ ಪರದೆಯೊಳಗೆ ಸಿಕ್ಕಿಕೊಂಡ ಸೊಳ್ಳೆಯಂತೆ ಗುಂಯ್ ಎಂದಿತು. ಮಂದ್ರವೆಂಬುದೇ ಇಲ್ಲ! ಯಂತ್ರ ಕೆಟ್ಟಿದೆ ಎಂದುಕೊಂಡೆ. ಆಮೇಲೆ ಓದಿ ತಿಳಿದದ್ದು ಇಷ್ಟು. ಅಜ್ಜನ ಯಂತ್ರದ ಮುಳ್ಳಿನ ಹಿಂದೆ ಒಂದು ಪುಟಾಣಿ ಅಯಸ್ಕಾಂತವಿದೆ. ಅದು ಅಲುಗಿದಾಗ ಹುಟ್ಟುವ ವಿದ್ಯುತ್ತು ನಾಲ್ಕೈದು ಮಿಲಿವೋಲ್ಟು ಮಾತ್ರ; ಅದನ್ನು ಸುಮಾರು ನೂರು ಪಾಲು ಹಿಗ್ಗಿಸಿದ ಮೇಲೆಯೇ ಮಾಮೂಲು ಆಂಪ್ಲಿಫೈಯರು ಅದನ್ನು ಗಣನೆಗೆ ತೆಗೆದುಕೊಳ್ಳುವುದು. ಇನ್ನೊಂದು ತೊಡಕೂ ಇದೆ. ಮಂದ್ರ ಸ್ವರವನ್ನು ಇದ್ದ ಹಾಗೆಯೇ ಕೊರೆದರೆ ಪ್ಲೇಟಿನ ಗೆರೆ ಅತ್ತಿತ್ತ ಬಹಳ ಹೊಯ್ದಾಡಿ ಪಕ್ಕದ ಗೆರೆಯ ಮೇಲೆ ಬೀಳುತ್ತದೆ. ಆದ್ದರಿಂದ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುತ್ತಾರೆ. ಕೇಳುವಾಗ ಅದನ್ನು ತಿರುಗಾಮುರುಗಾ ಮಾಡಬೇಕು. ಹಾಗೆ ಮಾಡಿದಾಗ ಪ್ಲೇಟಿನ ಪರಪರ ಸದ್ದೂ ತಗ್ಗುತ್ತದೆ. ಮೊದಲು ಕಂಪೆನಿಗೊಂದು ಲೆಕ್ಕವಿತ್ತು. 1954ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ ಒಂದೇ ಕಟ್ಟಳೆ ಗೊತ್ತುಮಾಡಿತು, ಬರಬರುತ್ತ ಲೋಕವೆಲ್ಲ ಅದನ್ನೇ ಹಿಡಿಯಿತು. ಎಪ್ಪತ್ತು ಎಂಬತ್ತರ ದಶಕಗಳ ಆಂಪ್ಲಿಫೈಯರುಗಳ ಬೆನ್ನಿನಲ್ಲಿ 'ಫೋನೊ' ಎಂದು ಬರೆದ ತೂತಿನ ಹಿಂದೆ ಈ ಏರ್ಪಾಡೆಲ್ಲ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಈಗಿನ ಎಷ್ಟೋ ಪೆಟ್ಟಿಗೆಗಳಲ್ಲಿ ಅದಿಲ್ಲ. ಅಂದಮೇಲೆ ಹಳೆಯದೇ ಬೇಕು.

ಎರಡು ವರ್ಷ ಹೈಸ್ಕೂಲು ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಸಿದ ಹದಿನಾರು ಸಾವಿರ ರೂಪಾಯಿ ನನ್ನಲ್ಲಿತ್ತು. ಬೆಂಗಳೂರಿನ ಭಾನುವಾರದ ಸಂತೆಯಲ್ಲಿ ಹಳೆಯ ಸಾಮಾನು ಸಿಗುತ್ತದೆ ಎಂದು ಕೇಳಿ ಬೆಳಗಿನ ಬಸ್ಸು ಹತ್ತಿದೆ. ಅಲ್ಲಿ ಕಂಡಿತು ನೋಡಿ, ಬೆಳ್ಳಿಯ ಮುಖ, ಮರದ ಹೊದಿಕೆ, ಬೆರಳಿಟ್ಟರೆ ಬೆಣ್ಣೆಯ ಹಾಗೆ ತಿರುಗುವ ಗುಂಡಿ! ಮಾರುವವನು, "ಜಪಾನ್ ಮಾಲು ಸ್ವಾಮಿ, ಅಸಲಿ ಜಪಾನ್," ಎಂದ. ಅವನು ಸುಳ್ಳು ಹೇಳಿರಲಿಲ್ಲ. ತೊಂದರೆ ಇದ್ದದ್ದೂ ಅಲ್ಲಿಯೇ. ಆರೂವರೆ ಸಾವಿರ ಕೊಟ್ಟು, ಮಗುವನ್ನು ಎತ್ತಿಕೊಂಡಂತೆ ಮಡಿಲಲ್ಲಿಟ್ಟುಕೊಂಡು ಊರಿಗೆ ಬಂದೆ. ಅಜ್ಜಿ ದೀಪ ಹಚ್ಚಿ ಬಂದು ಎದುರಿಗೆ ಕುಳಿತರು. ಸ್ವಿಚ್ಚು ಒತ್ತಿದೆ. ಗುರ್ ಎಂದಿತು, ನಾಲ್ಕು ಉಸಿರಿನಷ್ಟು ಹೊತ್ತಿನಲ್ಲಿ ಮೇಲಿನ ಕಿಂಡಿಗಳಿಂದ ಹೊಗೆ ಎದ್ದಿತು. ಅಜ್ಜಿ ಶಾಂತವಾಗಿ, "ಇದೂ ಧೂಪ ಹಾಕುತ್ತೇನೋ?" ಎಂದು ಕೇಳಿದರು.

ಮಾರುಕಟ್ಟೆಯ ಹಿಂದಿನ ಸಂದಿಯಲ್ಲಿ ರೇಡಿಯೋ ರಿಪೇರಿಯ ಒಬ್ಬ ಯಜಮಾನರಿದ್ದಾರೆ. ಎಪ್ಪತ್ತು ದಾಟಿದ ವಯಸ್ಸು. ಪೆಟ್ಟಿಗೆಯನ್ನು ಅವರ ಮುಂದಿಟ್ಟೆ. ಅವರು ಮುಚ್ಚಳ ಬಿಚ್ಚಲಿಲ್ಲ, ಹಿಂದಕ್ಕೆ ತಿರುಗಿಸಿ ಬೆರಳಿಟ್ಟು, "ಇದೇನು ಬರೆದಿದೆ, ಓದು ತಮ್ಮಾ," ಎಂದರು. ನೂರು ವೋಲ್ಟು ಎಂದು ಬರೆದಿತ್ತು. ಜಪಾನಿನಲ್ಲಿ ಮನೆಗೆ ಬರುವ ಕರೆಂಟು ನೂರು ವೋಲ್ಟು. ಅಲ್ಲಿಯ ಜನರಿಗೆಂದೇ ಮಾಡಿದ ಪೆಟ್ಟಿಗೆ ಅದು. ನಮ್ಮದು ಇನ್ನೂರ ಮೂವತ್ತು. ಫ್ಯೂಜಾದರೂ ಸುಟ್ಟು ಪೆಟ್ಟಿಗೆಯನ್ನು ಉಳಿಸಬೇಕಾಗಿತ್ತು. ಒಳಗೆ ನೋಡಿದರೆ ಫ್ಯೂಜಿನ ಜಾಗದಲ್ಲಿ ಯಾರೋ ಪುಣ್ಯಾತ್ಮರು ತಾಮ್ರದ ತಂತಿ ಸುತ್ತಿದ್ದರು. ಟ್ರಾನ್ಸ್‌ಫಾರ್ಮರು ಕರಿಕಾಗಿತ್ತು. "ಹಲ್ಲು ನೋಡದೆ ತಂದೆಯಲ್ಲಪ್ಪ," ಎಂದರು ಯಜಮಾನರು. ದನದ ಜಾತ್ರೆಯ ಹೋಲಿಕೆ ಅವರದು, ಕದ್ದವನು ನಾನು.

ಅಂದಿನಿಂದ ಕಾಲೇಜು ಮುಗಿದ ಮೇಲೆ ದಿನಾ ಅವರ ಅಂಗಡಿಯ ಸ್ಟೂಲಿನ ಮೇಲೆ ಕೂರತೊಡಗಿದೆ. ಅವರು ಹಳೆಯ ಪೆಟ್ಟಿಗೆಯನ್ನು ಎಂದೂ ನೇರವಾಗಿ ಕರೆಂಟಿಗೆ ಹಾಕುವುದಿಲ್ಲ. ನಡುವೆ ನೂರು ವ್ಯಾಟಿನ ಒಂದು ಹಳೇ ಬಲ್ಬು. ಸ್ವಿಚ್ಚು ಹಾಕಿದೊಡನೆ ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಸದ್ಯಕ್ಕೆ ಭಯವಿಲ್ಲ. ಬೆಳಗಿದ್ದು ಬೆಳಗಿಯೇ ಉಳಿದರೆ ಒಳಗೆ ಎಲ್ಲೋ ತಂತಿಗೆ ತಂತಿ ಕೂಡಿದೆ, ಕೂಡಲೇ ತೆಗೆಯಬೇಕು. ಈಗಿನ ಎಲ್.ಇ.ಡಿ. ಬಲ್ಬು ಇದಕ್ಕೆ ಆಗುವುದಿಲ್ಲ. ಅದಕ್ಕಾಗಿಯೇ ಯಜಮಾನರು ಒಂದು ಡಜನ್ ತಂತಿ ಬಲ್ಬುಗಳನ್ನು ಹತ್ತಿಯಲ್ಲಿ ಸುತ್ತಿ, ಹಿತ್ತಾಳೆಯ ಡಬ್ಬಿಯಲ್ಲಿಟ್ಟು ಕಾಪಾಡಿಕೊಂಡಿದ್ದಾರೆ. ಆಮೇಲೆ ಸ್ಪೀಕರು ಹಾಕುವ ಜಾಗದಲ್ಲಿ ಮೀಟರು ಹಿಡಿಯುತ್ತಾರೆ. ಅಲ್ಲಿ ಕೆಲವು ಹತ್ತು ಮಿಲಿವೋಲ್ಟು ಇದ್ದರೆ ಕ್ಷಮ್ಯ. ವೋಲ್ಟುಗಟ್ಟಲೆ ಇದ್ದರೆ ಅದು ಸ್ಪೀಕರನ್ನೇ ಸುಡುತ್ತದೆ. ಕಂಡೆನ್ಸರುಗಳು ಒಣಗಿರುತ್ತವೆ. ನಲವತ್ತು ವರ್ಷದ ಪೆಟ್ಟಿಗೆಯಲ್ಲಿ ಅವನ್ನು ಬದಲಾಯಿಸುವ ಖರ್ಚನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕು ಎನ್ನುತ್ತಿದ್ದರು. ಗುಂಡಿ ತಿರುಗಿಸಿದಾಗ ಕರಕರ ಎಂದರೆ ಮಾತ್ರ ಹೆದರಬೇಡ, ಅದು ಬರಿಯ ಧೂಳು.

ವ್ಯಾಟಿನ ವಿಷಯದಲ್ಲಿ ನನಗೂ ಅವರಿಗೂ ಒಂದು ವಾರ ಜಗಳ. ಹೆಚ್ಚು ವ್ಯಾಟು ಎಂದರೆ ಹೆಚ್ಚು ಸೊಗಸು ಎಂದು ನನ್ನ ವಾದ. ಅವರ ಪ್ರಕಾರ ಇಪ್ಪತ್ತು ವ್ಯಾಟು ನಲವತ್ತಾದರೆ ಕಿವಿಗೆ ಗೊತ್ತಾಗುವುದು ಮೂರು ಡೆಸಿಬೆಲ್ಲು, ಅಂದರೆ ಮೇಷ್ಟರು ದನಿಯನ್ನು ಚೂರು ಏರಿಸಿದಷ್ಟು. ಎರಡರಷ್ಟು ಜೋರು ಎನ್ನಿಸಬೇಕಾದರೆ ವ್ಯಾಟು ಹೆಚ್ಚುಕಡಿಮೆ ಹತ್ತರಷ್ಟಾಗಬೇಕು. ನಡುಮನೆಯಲ್ಲಿ ಕುಳಿತು ಕೇಳುವವರಿಗೆ ಬಹಳ ಹೊತ್ತು ಒಂದೆರಡು ವ್ಯಾಟೂ ಖರ್ಚಾಗುವುದಿಲ್ಲ. ಹಿಂದೆ ಅಮೆರಿಕದ ಕಂಪೆನಿಗಳು ಜಾಹೀರಾತಿನಲ್ಲಿ ವ್ಯಾಟನ್ನು ಬಾಯಿಗೆ ಬಂದಂತೆ ಹೇಳಿಕೊಳ್ಳುತ್ತಿದ್ದುದರಿಂದ, ಅಲ್ಲಿಯ ಸರ್ಕಾರವೇ 1974ರಲ್ಲಿ ವ್ಯಾಟು ಅಳೆಯುವುದಕ್ಕೆ ಒಂದು ನಿಯಮ ತರಬೇಕಾಯಿತು. ಇತಿಹಾಸದ ವಿದ್ಯಾರ್ಥಿಯಾಗಿ ಈ ಒಂದು ಇಸವಿಯನ್ನು ನಾನು ಪುಸ್ತಕ ನೋಡದೆ ಹೇಳಬಲ್ಲೆ.

ಕಡೆಗೆ ಅಂಗಡಿಯಲ್ಲಿ ಎರಡು ಪೆಟ್ಟಿಗೆಗಳು ಉಳಿದವು. ಎರಡನ್ನೂ ಯಜಮಾನರೇ ಬಿಚ್ಚಿ ಸರಿಮಾಡಿದ್ದರು. ಒಂದು ಅರವತ್ತು ವ್ಯಾಟಿನದು. ಮುಖದ ಮೇಲೆ ನೀಲಿ ಬೆಳಕಿನಲ್ಲಿ ಎರಡು ಮುಳ್ಳುಗಳು ತಾಳಕ್ಕೆ ಸರಿಯಾಗಿ ಕುಣಿಯುತ್ತವೆ. ಬೆಲೆ ಹದಿನೆಂಟು ಸಾವಿರ. ಇನ್ನೊಂದು ಇಪ್ಪತ್ತು ವ್ಯಾಟಿನದು. ಮುಖದ ತುಂಬ ಸಣ್ಣ ಸಣ್ಣ ಸನ್ನೆಗಳು, ಸರ್ಕಾರಿ ಕಚೇರಿಯ ಹಳೇ ಬೀರುವಿನ ಬಣ್ಣ. ಬೆಲೆ ಒಂಬತ್ತು ಸಾವಿರ. ನನ್ನಲ್ಲಿ ಉಳಿದಿದ್ದದ್ದು ಒಂಬತ್ತೂವರೆ. ನನ್ನ ಕಣ್ಣು ಎಲ್ಲಿತ್ತೆಂದು ಹೇಳಬೇಕಾಗಿಲ್ಲ. ಯಜಮಾನರು ನಕ್ಕು, "ಎರಡು ದಿನ ಇಟ್ಟುಕೊಂಡು ನೋಡು. ಹಿಡಿಸಿದರೆ ಉಳಿದದ್ದನ್ನು ತಿಂಗಳು ತಿಂಗಳು ಕೊಡುವೆಯಂತೆ," ಎಂದು ಕುಣಿಯುವ ಮುಳ್ಳಿನದನ್ನೇ ಕಟ್ಟಿಕೊಟ್ಟರು. ಪರೀಕ್ಷೆಯ ಶುಲ್ಕ ಕಟ್ಟುವ ತಿಂಗಳು ಅದು ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ.

ನಮ್ಮದು ವಠಾರದ ಮನೆ. ಗೋಡೆಯ ಆಚೆ ಕೈಗೂಸು. ಆದ್ದರಿಂದ ರಾತ್ರಿ ಸ್ಪೀಕರು ಹಾಕುವಂತಿಲ್ಲ, ಹೆಡ್‌ಫೋನೇ ಗತಿ. ಅಜ್ಜಿ ಕಿವಿಯ ಯಂತ್ರ ತೆಗೆದಿಟ್ಟು, ಹೆಡ್‌ಫೋನನ್ನು ಕಿರೀಟದಂತೆ ಎರಡು ಕೈಯಿಂದ ಹಿಡಿದು ಹಾಕಿಕೊಂಡರು. ವೀಣೆಯ ಪ್ಲೇಟು ಇಟ್ಟೆ. ನೀಲಿ ಬೆಳಕಿನಲ್ಲಿ ಮುಳ್ಳುಗಳು ಕುಣಿದವು. ಅಜ್ಜಿ ಕಣ್ಣು ಮುಚ್ಚಿದರು. ತೊಡೆಯ ಮೇಲೆ ಬೆರಳು ತಾಳ ಹಾಕಲು ಹೊರಟು, ಸ್ವಲ್ಪ ಹೊತ್ತು ಹುಡುಕಾಡಿ, ನಿಂತಿತು. ಕಣ್ಣು ತೆರೆದು ಕೇಳಿದರು: "ಮೃದಂಗದವರು ಬಂದಿಲ್ಲವೇನೋ?"

ಹೆಡ್‌ಫೋನು ತೆಗೆದು ನಾನು ಹಾಕಿಕೊಂಡೆ. ವೀಣೆ ಬಲಕ್ಕಿತ್ತು. ಮೃದಂಗ ಎಡಕ್ಕಿತ್ತು.

ಸ್ಟೀರಿಯೊ ಪ್ಲೇಟಿನ ಗೆರೆ ಇಂಗ್ಲಿಷಿನ 'ವಿ' ಅಕ್ಷರದಂತೆ ಇರುತ್ತದೆ. ಒಂದು ಗೋಡೆಯಲ್ಲಿ ಎಡಗಿವಿಯ ಪಾಲು, ಇನ್ನೊಂದರಲ್ಲಿ ಬಲಗಿವಿಯ ಪಾಲು. ಇಂಗ್ಲೆಂಡಿನ ಅಲನ್ ಬ್ಲಮ್ಲೀನ್ 1931ರಲ್ಲೇ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದ. ಅಂಗಡಿಗಳಲ್ಲಿ ಇಂಥ ಪ್ಲೇಟು ನೆಲೆಯೂರಿದ್ದು 1958ರ ಹೊತ್ತಿಗೆ. ಎರಡು ಕಿವಿಯವರಿಗೆ ಅದು ಸಭಾಂಗಣವನ್ನೇ ಮನೆಗೆ ತಂದುಕೊಡುತ್ತದೆ. ನಾನು ತಿಂಗಳುಗಟ್ಟಲೆ ಸ್ಟೀರಿಯೊ, ಸ್ಟೀರಿಯೊ ಎಂದು ಜಪಿಸಿದ್ದೆ. ಕೇಳಬೇಕಾದವರಿಗೆ ಇರುವುದು ಒಂದೇ ಕಿವಿ ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ. ಬ್ಯಾಲೆನ್ಸ್ ಗುಂಡಿ ತಿರುಗಿಸಿದೆ. ಅದು ಒಂದು ಕಡೆಯನ್ನು ತಗ್ಗಿಸುತ್ತದೆಯೇ ಹೊರತು ಆ ಕಡೆಯದನ್ನು ಈ ಕಡೆಗೆ ತರುವುದಿಲ್ಲ. ಮುಳ್ಳುಗಳು ಕುಣಿಯುತ್ತಲೇ ಇದ್ದವು. ಅಜ್ಜಿ, "ಚೆನ್ನಾಗಿದೆ ಬಿಡು, ನನಗೆ ಸಾಕು," ಎಂದರು. ಆ 'ಸಾಕು' ನನ್ನನ್ನು ಆ ರಾತ್ರಿ ನಿದ್ದೆ ಮಾಡಗೊಡಲಿಲ್ಲ.

ಬೆಳಗ್ಗೆ ಯಜಮಾನರು ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಅಲ್ಲಿ ನಿಂತಿದ್ದೆ. ಸಂಗತಿ ಹೇಳಿದೆ. ಅವರು ಮಾತಾಡದೆ ಬೀರು ಬಣ್ಣದ ಪೆಟ್ಟಿಗೆಯನ್ನು ಮುಂದಕ್ಕೆಳೆದು, ಸಾಲಿನಲ್ಲಿದ್ದ ಒಂದು ಪುಟ್ಟ ಸನ್ನೆಯನ್ನು ಉಗುರಿನಿಂದ ಕೆಳಕ್ಕೆ ಒತ್ತಿದರು. ಅದರ ಪಕ್ಕದಲ್ಲಿ 'ಮೊನೊ' ಎಂದಿತ್ತು. ಅದನ್ನು ಒತ್ತಿದರೆ ಎಡವೂ ಬಲವೂ ಬೆರೆತು ಎರಡು ಕಡೆಗೂ ಒಂದೇ ಆಗಿ ಹರಿಯುತ್ತದೆ. ಹಳೆಯ ಮೊನೊ ಪ್ಲೇಟುಗಳಿಗೆಂದು ಇಟ್ಟದ್ದು ಅದು. ಅಂಥ ಪ್ಲೇಟಿನ ಹಾಡು ಮುಳ್ಳಿನ ಅಡ್ಡ ಚಲನೆಯಲ್ಲಿ ಮಾತ್ರ ಇರುತ್ತದೆ. ಎರಡು ಪಾಲನ್ನೂ ಬೆರೆಸಿದಾಗ ಮೇಲೆ ಕೆಳಗೆ ಕುಲುಕುವ ಮುಳ್ಳಿನ ಗದ್ದಲ ಒಂದನ್ನೊಂದು ಕಳೆದುಹಾಕುತ್ತದೆ. ಚೌಡಯ್ಯನವರ ಪ್ಲೇಟಿಗೂ ಅದರಿಂದ ಉಪಕಾರವಾಯಿತು. ಹದಿನೆಂಟು ಸಾವಿರದ ಪೆಟ್ಟಿಗೆಯಲ್ಲಿ ಆ ಸನ್ನೆ ಇರಲಿಲ್ಲ. "ಮೊದಲೇ ಏಕೆ ಹೇಳಲಿಲ್ಲ, ಯಜಮಾನರೇ?" ಎಂದೆ. "ಕೇಳುವವರು ಯಾರು ಅಂತ ನೀನು ಎಲ್ಲಿ ಹೇಳಿದೆ?" ಎಂದರು.

ಒಂಬತ್ತು ಸಾವಿರ ಎಣಿಸಿಕೊಟ್ಟೆ. ಅವರು ಐನೂರು ಹಿಂದಕ್ಕೆ ಕೊಟ್ಟರು, ಟವೆಲಿನ ಮರೆ ಇಲ್ಲದೆ.

ಅಂದು ರಾತ್ರಿ ಸನ್ನೆಯನ್ನು ಕೆಳಕ್ಕೊತ್ತಿ, ತಾರದ ಗುಂಡಿಯನ್ನು ಬಲಕ್ಕೆ ಎರಡು ಗೀಟು ತಿರುಗಿಸಿದೆ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ತಾರವನ್ನೇ. ಈ ಪೆಟ್ಟಿಗೆಯಲ್ಲಿ ಕುಣಿಯುವ ಮುಳ್ಳಿಲ್ಲ, ಒಂದು ಕೆಂಪು ಚುಕ್ಕೆಯ ದೀಪವಿದೆ ಅಷ್ಟೆ. ಅಜ್ಜಿ ಕಣ್ಣು ಮುಚ್ಚಿದರು. ವೀಣೆ ಒಂದಷ್ಟು ಹೊತ್ತು ಒಂಟಿಯಾಗಿ ನಡೆಯಿತು. ನನಗೆ ಅದು ಕೇಳುತ್ತಿರಲಿಲ್ಲ, ತಿರುಗುವ ಪ್ಲೇಟಿನ ಮೇಲಿಂದ ಮುಳ್ಳಿನ ಸಣ್ಣ ಪಿಸುಗು ಮಾತ್ರ ಕೇಳುತ್ತಿತ್ತು. ಅಜ್ಜಿಯ ಬೆರಳುಗಳನ್ನೇ ನೋಡುತ್ತ ಕುಳಿತೆ. ಇದ್ದಕ್ಕಿದ್ದಂತೆ ಬಲಗೈ ಎದ್ದು ತೊಡೆಯ ಮೇಲೆ ಬಿತ್ತು. ಮತ್ತೆ ಎದ್ದಿತು, ಬಿತ್ತು, ಬೆರಳು ಎಣಿಸಿತು. ಮುಖದ ಕಡೆ ನಾನು ಬಹಳ ಹೊತ್ತು ನೋಡಲಿಲ್ಲ.

ಪ್ಲೇಟು ಮುಗಿದಾಗ ಹತ್ತೂವರೆ. ಮರುದಿನ ಬೆಳಗ್ಗೆ ನನಗೆ ಆಂತರಿಕ ಪರೀಕ್ಷೆ ಇತ್ತು. ಹೆಡ್‌ಫೋನು ತೆಗೆದುಕೊಳ್ಳಲು ಕೈ ಚಾಚಿದೆ. ಅಜ್ಜಿ ಕೊಡಲಿಲ್ಲ. ತಮಗೆ ಕೇಳದ ಕಾರಣ ವಠಾರಕ್ಕೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ಮಗ್ಗುಲು ತಿರುಗಿಸಿ ಹಾಕೋ. ಆ ಕಡೆದು ನಿಮ್ಮಜ್ಜಂಗೆ ಬಲು ಇಷ್ಟ."

ಗೋಡೆಯ ಆಚೆ ಕೂಸು ಎದ್ದು ಅಳತೊಡಗಿತು. ನಾನು ಪ್ಲೇಟು ತಿರುಗಿಸಿದೆ.