ಅಕ್ಕನ ಶಾಲಿಗೆ ಶೆಟ್ಲೆಂಡಿನ ನೂಲು

ನನ್ನ ಹೆಂಡತಿ ಕಷ್ಟಪಟ್ಟು ಹೆಣೆದ ಶಾಲು ದಾವಣಗೆರೆಯಲ್ಲಿರುವ ಅವಳ ಅಕ್ಕನ ಮನೆಯಲ್ಲಿ ಹೊಲಿಗೆ ಯಂತ್ರದ ಮುಸುಕಾಗಿತ್ತು. “ಹೊದ್ದರೆ ಹಾಳಾಗುತ್ತೆ ಕಣೇ, ಅದಕ್ಕೇ ಇಲ್ಲಿ ಹಾಕಿದೀನಿ” ಅಂದರು ಅಕ್ಕ. ಮಾತು ಪ್ರೀತಿಯದೇ. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಇವಳು ಮಾತಾಡಲಿಲ್ಲ. ಎಂಟು ವರ್ಷದ ಹುಡುಗಿಯಾಗಿದ್ದಾಗ ಸೈಕಲ್ ಕಡ್ಡಿ ಕೈಗೆ ಕೊಟ್ಟು ಹೆಣಿಗೆ ಕಲಿಸಿದ್ದು ಆ ಅಕ್ಕನೇ. ಈಗ ಅವರ ಕಣ್ಣು ಮಂಜಾಗಿದೆ. ಶಾಲಿನ ಬಣ್ಣ, ಹೂವು ಯಾವುದೂ ಕಾಣದು. ಅವರಿಗೆ ತಿಳಿಯುವುದು ಕೈಗೆ ಸಿಕ್ಕಿದ್ದು ಮಾತ್ರ. ಕೈಗೆ ಸಿಕ್ಕಿದ್ದು ದಪ್ಪನೆಯ ಚಾಪೆ!

ಜಾಲರಿ ಶಾಲು ಹೆಣೆಯಬೇಕೆಂದು ಇವಳು ಪೇಟೆಯಿಂದ ತಂದದ್ದು ನಾಲ್ಕೆಳೆಯ ಅಕ್ರಿಲಿಕ್ ದಾರ ಮತ್ತು 10ನೇ ನಂಬರಿನ ಕಡ್ಡಿ. ತಪ್ಪಿದ್ದೆಲ್ಲಿ ಎಂಬುದು ನಮಗೆ ತಿಳಿದದ್ದು ಬಹಳ ದೂರದ ಒಂದು ಊರಿನಲ್ಲಿ.

2019ರ ಜೂನ್‌ನಲ್ಲಿ ಮಗಳ ಮನೆಗೆಂದು ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಹೋಗಿದ್ದೆವು. ಹನ್ನೊಂದು ವರ್ಷದ ಮೊಮ್ಮಗಳು ಶಾಲಿನ ಕಥೆ ಕೇಳಿ, “ಅಜ್ಜಿ, ಜಾಲರಿ ಶಾಲಿನ ಊರು ಇಲ್ಲೇ ಇದೆ. ಹಡಗು ಹತ್ತಿದರೆ ಆಯಿತು” ಎಂದಳು. ಸಂಜೆ ಏಳಕ್ಕೆ ಅಬರ್ಡೀನ್ ಬಿಟ್ಟ ಹಡಗು ಬೆಳಗ್ಗೆ ಏಳೂವರೆಗೆ ಶೆಟ್ಲೆಂಡ್ ದ್ವೀಪಗಳ ಮುಖ್ಯ ಊರಾದ ಲರ್ವಿಕ್ ತಲುಪಿತು. ಮರಗಳೇ ಅಪರೂಪವಾದ ಹಸಿರು ಗುಡ್ಡಗಳು, ಸುತ್ತ ಸಮುದ್ರ, ಕಣ್ಣು ಹಾಯಿಸಿದಲ್ಲೆಲ್ಲ ಕುರಿ.

ಊರಿನ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಒಂದು ಬಿಳಿ ಶಾಲು ನೋಡಿದೆವು. ಜೇಡರಬಲೆಗೆ ಬೆಳ್ಳಿ ನೀರು ಕುಡಿಸಿದಂತಿತ್ತು. ಇಂಥ ಶಾಲನ್ನು ಮದುವೆಯ ಉಂಗುರದೊಳಗಿಂದ ತೂರಿಸಿ ಎಳೆಯಬಹುದು. ಅದಕ್ಕೇ ಅದಕ್ಕೆ ‘ಉಂಗುರದ ಶಾಲು’ ಎಂಬ ಹೆಸರು. ಶೆಟ್ಲೆಂಡ್ ಕುರಿಯ ಕತ್ತಿನ ಭಾಗದ ಉಣ್ಣೆ ಎಲ್ಲಕ್ಕಿಂತ ನಯ. ಬೇಸಿಗೆ ಬಂದಾಗ ಈ ಕುರಿಯ ಹಳೆಯ ಉಣ್ಣೆ ತಾನಾಗಿ ಸಡಿಲವಾಗುತ್ತದೆ. ಹಿಂದೆ ಅದನ್ನು ಕತ್ತರಿಸದೆ ಕೈಯಿಂದಲೇ ಬಿಡಿಸಿಕೊಂಡು, ಕೂದಲಿಗಿಂತ ತುಸು ದಪ್ಪ ಎನ್ನುವಂತೆ ನೂಲುತ್ತಿದ್ದರು. ನನಗೆ ಚಳ್ಳಕೆರೆ ಕಡೆಯ ಕಂಬಳಿ ನೆನಪಾಯಿತು. ನಮ್ಮ ದಖನಿ ಕುರಿಯ ಉಣ್ಣೆ ಒರಟು. ಹುಣಸೆ ಬೀಜದ ಗಂಜಿ ಹಾಕಿ ಮಗ್ಗದಲ್ಲಿ ನೇಯ್ದರೆ ಮಳೆಗೂ ಚಳಿಗೂ ಗಟ್ಟಿ. ಅದರಲ್ಲಿ ಉಂಗುರದ ಶಾಲು ಆಗದು, ಇದರಲ್ಲಿ ಕಂಬಳಿ ಆಗದು.

ಶೆಟ್ಲೆಂಡಿನವನೇ ಆದ ಆರ್ಥರ್ ಆಂಡರ್ಸನ್ ಪಿ ಅಂಡ್ ಓ ಹಡಗು ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬ. ಅವನು ಇಲ್ಲಿಯ ನಯವಾದ ಕಾಲುಚೀಲಗಳನ್ನು ವಿಕ್ಟೋರಿಯಾ ರಾಣಿಗೆ ಕಾಣಿಕೆಯಾಗಿ ಕೊಟ್ಟಿದ್ದ. ಶ್ರೀಮಂತರ ಮನೆಗಳಲ್ಲಿ ಶೆಟ್ಲೆಂಡ್ ಜಾಲರಿಗೆ ಬೇಡಿಕೆ ಹೆಚ್ಚಿತು. ಆದರೆ ಹೆಣೆದವರ ಕೈಗೆ ಬಂದದ್ದೇನು? ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತಾರು ವರ್ಷ ನೋಟು ಎಣಿಸಿದ ನನಗೆ ಈ ಪ್ರಶ್ನೆ ಬಾರದಿರುತ್ತದೆಯೇ? ಉತ್ತರ ಕೇಳಿ ಬೇಸರವಾಯಿತು. ವ್ಯಾಪಾರಿಗಳು ಶಾಲು ಪಡೆದು ಬಹುಪಾಲು ಚಹಾ, ಬಟ್ಟೆಯಂಥ ಸಾಮಾನು ಕೊಡುತ್ತಿದ್ದರು. ನಗದು ಸಿಗುವುದೇ ಕಷ್ಟ. ಹಿಟ್ಟು ಬೇಕಾದ ಹೆಂಗಸು ಆ ಚಹಾವನ್ನು ಬೇರೆಯವರಿಗೆ ಕೊಟ್ಟು ಹಿಟ್ಟು ತರಬೇಕು. ಈ ಪದ್ಧತಿಯ ಬಗ್ಗೆ ಸರ್ಕಾರದ ವಿಚಾರಣೆ ನಡೆದು 1872ರಲ್ಲಿ ವರದಿಯಾಯಿತು. ಎಷ್ಟೋ ಹೆಂಗಸರು ಮುಂದೆ ಬಂದು ತಮ್ಮ ಕಷ್ಟ ಹೇಳಿಕೊಂಡಿದ್ದರು. ಇದನ್ನು ತಿಳಿದ ಮೇಲೆ ಗಾಜಿನ ಹಿಂದಿನ ಶಾಲನ್ನು ಮತ್ತೊಮ್ಮೆ ಹೋಗಿ ನೋಡಿದೆ.

ಅಲ್ಲಿಂದ ನೂಲಿನ ಅಂಗಡಿಗೆ. ಲರ್ವಿಕ್‌ನ ಜೇಮೀಸನ್ ಅಂಡ್ ಸ್ಮಿತ್ ಅಂಗಡಿಯವರು ದ್ವೀಪದ ರೈತರಿಂದ ಉಣ್ಣೆ ಕೊಂಡು, ವಿಂಗಡಿಸಿ, ನೂಲು ಮಾಡಿಸಿ ಮಾರುತ್ತಾರೆ. ಇವಳು ಕೈ ಹಾಕಿದ್ದು ಒಂದೆಳೆಯ ನೂಲಿಗೆ: 25 ಗ್ರಾಂ ಉಂಡೆಯಲ್ಲಿ ಸುಮಾರು 400 ಮೀಟರ್! ಅಂಗಡಿಯ ಹೆಂಗಸು ತಡೆಯಲಿಲ್ಲ. ಒಂದು ತುಂಡು ಕೊಟ್ಟು “ಹೆಣೆದು ನೋಡಿ” ಎಂದರು. ಎರಡನೇ ಸಾಲಿಗೆ ಇವಳ ಕಣ್ಣಿಗೆ ಕುಣಿಕೆ ಕಾಣದಾಯಿತು. ಮೂರನೆಯದರಲ್ಲಿ ನೂಲು ತುಂಡಾಯಿತು. ಆಗ ಅವರು ಕೇಳಿದರು: “ಶಾಲು ನೋಡುವುದಕ್ಕೋ, ಹೊದೆಯುವುದಕ್ಕೋ?”

ಮೊಮ್ಮಗಳು ಅನುವಾದಿಸಿದಳು. “ಹೊದೆಯೋದಕ್ಕೆ. ಅಕ್ಕನಿಗೆ” ಎಂದಳು ಇವಳು.

ಹಾಗಾದರೆ ಎರಡೆಳೆಯ ಜಾಲರಿ ನೂಲು ಸಾಕು ಎಂದರು. 25 ಗ್ರಾಂನಲ್ಲಿ ಸುಮಾರು 170 ಮೀಟರ್. ಶೆಟ್ಲೆಂಡಿನ ಹೆಂಗಸರೂ ತಾವು ದಿನಾ ಹೊದೆಯಲು ‘ಹ್ಯಾಪ್’ ಎಂಬ ತುಸು ದಪ್ಪ ಶಾಲನ್ನೇ ಹೆಣೆದುಕೊಳ್ಳುತ್ತಿದ್ದರಂತೆ. ನಾಲ್ಕು ಉಂಡೆ ಕೊಂಡೆವು. ಕಡ್ಡಿಗಳನ್ನು ಮಾತ್ರ ಮೂರು ಅಳತೆಯಲ್ಲಿ ಕೊಂಡೆವು.

ಮಕ್ಕಳೇ, ನಮ್ಮ ಅಂಗಡಿಗಳ ಕಡ್ಡಿಗೆ ಇರುವುದು ಹಳೆಯ ಬ್ರಿಟಿಷ್ ನಂಬರು. ಅದರಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ಸಣ್ಣ. 8ನೆಯದು 4 ಮಿಲಿಮೀಟರ್, 9ನೆಯದು 3.75, 10ನೆಯದು 3.25. ಅಮೆರಿಕದ ನಂಬರು ಇದಕ್ಕೆ ತಿರುಗುಮುರುಗು. ಆದ್ದರಿಂದ ಮಿಲಿಮೀಟರ್ ನೋಡಿ ಕೊಳ್ಳುವುದೇ ಕ್ಷೇಮ. ನೂಲು ಸಣ್ಣ, ಕಡ್ಡಿ ತುಸು ದಪ್ಪ ಇದ್ದರೆ ಮಾತ್ರ ಜಾಲರಿಯ ತೂತು ತೆರೆದುಕೊಳ್ಳುತ್ತದೆ. ನಾವು ಊರಿನಲ್ಲಿ ದಪ್ಪ ದಾರವನ್ನು ಸಣ್ಣ ಕಡ್ಡಿಯಲ್ಲಿ ಹೆಣೆದಿದ್ದೆವು!

ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತೂವರೆಗೆ. ಆಮೇಲೂ ಪೂರ್ತಿ ಕತ್ತಲಾಗುವುದಿಲ್ಲ. ಆ ಬೆಳಕಿನಲ್ಲಿ ಕಿಟಕಿಯ ಪಕ್ಕ ಕೂತು ಇವಳು ಮೂರು ಕಡ್ಡಿಗಳಲ್ಲಿ ಮೂರು ಅಂಗೈಯಗಲದ ಮಾದರಿ ಹೆಣೆದಳು. ಸಮುದ್ರದ ತೆರೆಯಂತೆ ಕಾಣುವ ‘ಓಲ್ಡ್ ಶೇಲ್’ ಎಂಬ ವಿನ್ಯಾಸ. ಇದರ ಗುಟ್ಟು ನನಗೆ ಬಹಳ ಹಿಡಿಸಿತು. ಕಡ್ಡಿಗೆ ನೂಲು ಸುತ್ತಿದರೆ ಒಂದು ತೂತು, ಒಂದು ಹೊಸ ಕುಣಿಕೆ, ಅದು ಜಮಾ. ಎರಡು ಕುಣಿಕೆ ಸೇರಿಸಿ ಒಂದಾಗಿ ಹೆಣೆದರೆ ಒಂದು ಕುಣಿಕೆ ಕಡಿಮೆ, ಅದು ಖರ್ಚು. ಹದಿನೆಂಟು ಕುಣಿಕೆಗೆ ಆರು ಜಮಾ, ಆರು ಖರ್ಚು. ಸಾಲು ಮುಗಿದಾಗ ಮತ್ತೆ ಹದಿನೆಂಟೇ ಇರಬೇಕು. ಬಿ.ಕಾಂ. ಓದಿದ್ದು ಕೊನೆಗೂ ಹೆಂಡತಿಯ ಕೆಲಸಕ್ಕೆ ಬಂತು. ಸಾಲುಸಾಲಿಗೂ ನಾನು ತಾಳೆ ನೋಡಿದೆ.

ಮಾದರಿಗಳನ್ನು ನೀರಿನಲ್ಲಿ ನೆನೆಸಿ, ಟವೆಲ್ಲಿನ ಮೇಲೆ ಎಳೆದು ಗುಂಡುಪಿನ್ನು ಚುಚ್ಚಿದವಳು ಮೊಮ್ಮಗಳು. ಉಣ್ಣೆಯನ್ನು ಹೀಗೆ ಹಿಗ್ಗಿಸಿ ಒಣಗಿಸಿದರೆ ಹಾಗೇ ನಿಲ್ಲುತ್ತದೆ. ನಮ್ಮ ಅಕ್ರಿಲಿಕ್ ಮತ್ತೆ ಮುದುಡಿಕೊಳ್ಳುತ್ತಿತ್ತು. ಬೆಳಗ್ಗೆ ನೋಡಿದರೆ 10ನೆಯದರಲ್ಲಿ ತೂತು ಬಿಗಿ, 8ನೆಯದರಲ್ಲಿ ತೆರೆಗಳೇ ಚದುರಿಹೋಗಿದ್ದವು. 9 ಸರಿಯಾಗಿತ್ತು.

ಆದರೆ ಇವಳು ಬಲಗೈಯನ್ನು ಎಡಗೈಯಲ್ಲಿ ಹಿಡಿದು ಕೂತಿದ್ದಳು. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಮುರಿದಿದ್ದ ಮಣಿಕಟ್ಟು ಅದು. “ಅಂಗೈಯಗಲ ಹೆಣೆಯೋದಕ್ಕೇ ಇಷ್ಟು ನೋವು. ಇಡೀ ಶಾಲು ನನ್ನಿಂದ ಆಗಲ್ಲ ರೀ” ಎಂದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಆ ದಿನ ಮೊದಲೇ ಗೊತ್ತು ಮಾಡಿದಂತೆ ಎರಡು ಸಣ್ಣ ಹಡಗು ಬದಲಿಸಿ, ಯೆಲ್ ದ್ವೀಪ ದಾಟಿ, ಬ್ರಿಟನ್ನಿನಲ್ಲಿ ಜನವಸತಿ ಇರುವ ದ್ವೀಪಗಳಲ್ಲೆಲ್ಲ ಉತ್ತರದ ತುದಿಯಲ್ಲಿರುವ ಅನ್‌ಸ್ಟ್‌ಗೆ ಹೋದೆವು. ಅತಿ ನಯವಾದ ಜಾಲರಿಗೆ ಹೆಸರಾದದ್ದು ಈ ದ್ವೀಪ. ಹೆರಾಲ್ಡ್ಸ್‌ವಿಕ್‌ನ ಪರಂಪರೆ ಕೇಂದ್ರದಲ್ಲಿ ಒಬ್ಬ ಅಜ್ಜಿ ಹೆಣೆಯುತ್ತ ಕೂತಿದ್ದರು. ಅವರ ಸೊಂಟದಲ್ಲಿ ಒಂದು ಚರ್ಮದ ಪಟ್ಟಿ. ಅದರಲ್ಲಿ ಕುದುರೆಗೂದಲು ತುಂಬಿದ, ತೂತುಗಳಿರುವ ಪುಟ್ಟ ದಿಂಬು. ಎರಡೂ ತುದಿ ಚೂಪಾದ ಬಲಗಡೆಯ ಉಕ್ಕಿನ ಕಡ್ಡಿಯ ಒಂದು ತುದಿ ಆ ತೂತಿನಲ್ಲಿ ಕೂತಿತ್ತು. ಕಡ್ಡಿಯ ಭಾರ ಪಟ್ಟಿಯ ಮೇಲೆ. ಕೈಗೆ ನೂಲು ಹಾಕುವ ಕೆಲಸ ಮಾತ್ರ. ಹಿಂದಿನ ಹೆಂಗಸರು ಇದರ ಸಹಾಯದಿಂದಲೇ, ಒಲೆಗೆ ಬೇಕಾದ ಪೀಟ್ ಮಣ್ಣಿನ ಹೆಂಟೆಗಳ ಬುಟ್ಟಿಯನ್ನು ಬೆನ್ನಿಗೆ ಹೊತ್ತು ನಡೆಯುತ್ತಲೂ ಹೆಣೆಯುತ್ತಿದ್ದರು.

ಅಜ್ಜಿ ಇವಳ ಮಣಿಕಟ್ಟನ್ನು ಗಮನಿಸಿದರೋ ಏನೋ, ಪಟ್ಟಿ ಬಿಚ್ಚಿ ಇವಳ ಸೀರೆಯ ಮೇಲೆ ಕಟ್ಟಿದರು. ಮೊದಲ ಹತ್ತು ನಿಮಿಷ ತಡವರಿಕೆ. ಆಮೇಲೆ ಇವಳು ಒಂದು ಸಾಲು ಮುಗಿಸಿದಳು, ಇನ್ನೊಂದು ಮುಗಿಸಿದಳು. “ನೋವಾಗ್ತಿದೆಯಾ ಅಜ್ಜಿ?” ಎಂದಳು ಮೊಮ್ಮಗಳು. “ಎಣಿಸ್ತಿದೀನಿ, ಸುಮ್ಮನಿರು ಪುಟ್ಟಿ!” ಎಂದಳು. ಅಷ್ಟು ಗದರಿದ್ದು ಕೇಳಿ ನನಗೆ ಸಮಾಧಾನವಾಯಿತು.

ಲರ್ವಿಕ್‌ಗೆ ಮರಳಿ ಅಂಥದ್ದೇ ಪಟ್ಟಿ, ಉದ್ದನೆಯ ಕಡ್ಡಿಗಳನ್ನು ಕೊಂಡೆವು. ನೂಲಿಗಿಂತ ಪಟ್ಟಿಗೇ ಹೆಚ್ಚು ದುಡ್ಡಾಯಿತು. ನಗದನ್ನೇ ಎಣಿಸಿ ಕೊಟ್ಟೆ.

78 ಕುಣಿಕೆಯ ಅಗಲದ ಆ ಶಾಲು ಮುಗಿಯಲು ಐದು ತಿಂಗಳು ಹಿಡಿಯಿತು. ಡಿಸೆಂಬರ್‌ನಲ್ಲಿ ಅಕ್ಕನಿಗೆ ಎಂಬತ್ತು ತುಂಬಿದ ದಿನ ಇವಳು ಏನೂ ಹೇಳದೆ ಅದನ್ನು ಅವರ ಮಡಿಲಲ್ಲಿಟ್ಟಳು. ಅಕ್ಕ ಮುಟ್ಟಿದರು, ಕೆನ್ನೆಗೆ ಒತ್ತಿಕೊಂಡರು. ಆಮೇಲೆ ಬೆರಳುಗಳು ತೂತು ತೂತಿನ ಮೇಲೆ ನಿಧಾನವಾಗಿ ನಡೆದವು. ಅಂಚಿನಿಂದ ಒಂದು ಗೇಣು ದೂರದಲ್ಲಿ ನಿಂತವು.

“ಇಲ್ಲೊಂದು ತೂತು ತಪ್ಪಿಸಿದೀಯಲ್ಲೇ?”

ಇವಳು ನಕ್ಕುಬಿಟ್ಟಳು. ವಾಪಸು ಬರುವಾಗ ಹಡಗಿನ ತೂಗಾಟದಲ್ಲಿ ಹೆಣೆದ ಸಾಲಂತೆ ಅದು. ಮುಂದಿನ ಸಾಲಿನಲ್ಲಿ ಒಂದು ಕುಣಿಕೆ ಸೇರಿಸಿ ಲೆಕ್ಕ ಸರಿಮಾಡಿಬಿಟ್ಟಿದ್ದಳು. ಒಟ್ಟು ಮೊತ್ತ ತಾಳೆಯಾಗಿದ್ದರಿಂದ ನನಗೆ ತಪ್ಪು ಸಿಕ್ಕಿರಲಿಲ್ಲ. ಬ್ಯಾಂಕಿನಲ್ಲೂ ಇಂಥ ತಪ್ಪು ಹಿಡಿಯುವುದೇ ಎಲ್ಲಕ್ಕಿಂತ ಕಷ್ಟ.

ಅಕ್ಕ ಶಾಲು ಹೊದ್ದುಕೊಂಡೇ ಊಟಕ್ಕೆ ಕೂತರು. ಹೊಲಿಗೆ ಯಂತ್ರದ ಮೇಲೆ ಹಳೆಯದು ಹಾಗೇ ಇತ್ತು. ಅಲ್ಲಿಗೆ ಅದರ ಅಳತೆ ಸರಿಯಾಗಿಯೇ ಇದೆ.