ಫ್ರಿಜ್ಜಿನೊಳಗಿನ ಪೆನ್ನು

ಬ್ಲಾಗ್ ಕಡೆ ತಲೆ ಹಾಕಿ ಎರಡು ತಿಂಗಳಾಯ್ತು. ಡೆಡ್‌ಲೈನ್ ಅಂತ ನೆಪ ಹೇಳಬಹುದು, ಆದ್ರೆ ನಿಜವಾದ ಕಾರಣ ಅಮ್ಮನ ಶುಗರ್ರು. ಹಾಸನದ ಡಾಕ್ಟರು "ಮಾತ್ರೆ ಸಾಲ್ತಿಲ್ಲ, ಇನ್ಸುಲಿನ್ ಶುರು ಮಾಡೋಣ" ಅಂದಿದ್ದರು. ಅಮ್ಮ ತಲೆಯಾಡಿಸಿ, ಹೊಳೆನರಸೀಪುರಕ್ಕೆ ವಾಪಸ್ ಬಂದು, ಆ ಪೆನ್ನನ್ನು ಫ್ರಿಜ್ಜಿನಲ್ಲಿ ಕೊತ್ತಂಬರಿ ಸೊಪ್ಪಿನ ಹಿಂದೆ ಬಚ್ಚಿಟ್ಟು ಸುಮ್ಮನಾಗಿಬಿಟ್ಟಿದ್ದಾಳೆ! ಹಬ್ಬಕ್ಕೆ ಹೋದಾಗ ಸಿಕ್ಕಿಬಿದ್ದಳು.

"ಅರಕಲಗೂಡಿನ ತಾತ ಏನಾದ್ರು ಮರೆತ್ಯಾ? ಅದು ಚುಚ್ಚಿಸ್ಕೊಂಡ ಆರು ತಿಂಗಳಿಗೆ ಕಾಲು ತೆಗೆದ್ರು, ಆಮೇಲೆ ಅವರೇ ಹೋದ್ರು. ಬೇಡ ಕಣೋ."

ತಾತನ ಕಾಲು ಕೆಟ್ಟಿದ್ದು ಇನ್ಸುಲಿನ್‌ನಿಂದಲ್ಲ, ಅದಕ್ಕೂ ಮುಂಚೆ ವರ್ಷಗಟ್ಟಲೆ ಏರಿಕೊಂಡೇ ಇದ್ದ ಸಕ್ಕರೆಯಿಂದ. ಹೇಳೋದು ಸುಲಭ, ಒಪ್ಪಿಸೋದು? ಅವತ್ತು ರಾತ್ರಿ ಓದಲು ಕೂತೆ. "ಇನ್ಸುಲಿನ್ ಸಕ್ಕರೆ ಕರಗಿಸುತ್ತೆ" ಅಂತ ಇಷ್ಟು ವರ್ಷ ನಂಬಿದ್ದೆ. ಪೂರ್ತಿ ತಪ್ಪು ಸ್ವಾಮಿ!

ಅದು ಜೀವಕೋಶದ ಹೊರಗೇ ನಿಂತು ರಿಸೆಪ್ಟರ್ ಅನ್ನೋ ಪ್ರೋಟೀನನ್ನು ಹಿಡಿದುಕೊಳ್ಳುತ್ತೆ, ಅಷ್ಟೆ. ರಿಸೆಪ್ಟರಿನ ಬಾಲ ಕೋಶದ ಒಳಗಿದೆ. ಅದು ತನಗೆ ತಾನೇ ಫಾಸ್ಫೇಟ್ ಅಂಟಿಸಿಕೊಂಡು ಎಚ್ಚರವಾಗಿ, ಪಕ್ಕದ ಐಆರ್‌ಎಸ್ ಪ್ರೋಟೀನಿಗೂ ಅಂಟಿಸುತ್ತೆ. ಅಲ್ಲಿಗೆ ಪಿಐ-3 ಕೈನೇಸ್ ಕಿಣ್ವ ಬರುತ್ತೆ, ಅದರಿಂದ ಎಕೆಟಿ ಏಳುತ್ತೆ. ಒಂದು ಫಂಕ್ಷನ್ ಇನ್ನೊಂದನ್ನು ಕರೆಯೋ ಹಾಗೆಯೇ! ಎಕೆಟಿ ಎದ್ದರೆ, ಸ್ನಾಯು ಮತ್ತು ಕೊಬ್ಬಿನ ಕೋಶಗಳೊಳಗೆ ಪುಟ್ಟ ಚೀಲಗಳಲ್ಲಿ ಕಾದಿದ್ದ ಗ್ಲೂಟ್-4 ಅನ್ನೋ ಬಾಗಿಲುಗಳು ಹೊರಪೊರೆಗೆ ಬರುತ್ತವೆ. ಆಗ ಸಕ್ಕರೆ ಒಳಗೆ. ಜೊತೆಗೆ, ಸಕ್ಕರೆಯನ್ನು ಗ್ಲೈಕೋಜನ್ ಮಾಡಿ ಕೂಡಿಡೋ ಕಿಣ್ವಕ್ಕೆ ಬ್ರೇಕ್ ಹಾಕಿ ಕೂತಿರೋ ಜಿಎಸ್‌ಕೆ-3ಯನ್ನೂ ಎಕೆಟಿ ಸುಮ್ಮನಾಗಿಸುತ್ತೆ.

ಟೈಪ್-2ನಲ್ಲಿ ಈ ಸಂದೇಶ ದಾರಿಯಲ್ಲೇ ಸೊರಗುತ್ತೆ. ಇದನ್ನು ಅಮ್ಮನಿಗೆ ಹೇಳೋದು ಹೇಗೆ? ಚನ್ನರಾಯಪಟ್ಟಣದ ದೊಡ್ಡಮ್ಮ ನೆನಪಾದರು.

"ದೊಡ್ಡಮ್ಮಂಗೆ ಕಿವಿ ಮಂದ. ದೊಡ್ಡಪ್ಪ ಕೂಗಿ ಕೂಗಿ ಗಂಟಲು ಕಟ್ಟಿಸ್ಕೊಂಡಿದಾರೆ ಅಲ್ವಾ? ನಿನ್ನ ಕೋಶಗಳು ದೊಡ್ಡಮ್ಮ, ಮೇದೋಜೀರಕ ದೊಡ್ಡಪ್ಪ. ಈ ಪೆನ್ನು ದೊಡ್ಡಪ್ಪನ ಕೈಗೊಂದು ಮೈಕ್."

ಅಮ್ಮ ಜೋರಾಗಿ ನಕ್ಕಳು. ಆಮೇಲೆ, "ಮತ್ತೆ ತಾತ?"

"ತಾತಂಗೆ ಮೈಕ್ ತಡವಾಗಿ ಸಿಕ್ತು."

ತುಂಬಾ ಹೊತ್ತು ಅವರೆಕಾಳು ಬಿಡಿಸ್ತಾನೇ ಇದ್ದಳು. "ಎರಡು ವರ್ಷ ಮುಂಚೇನೇ ಹೇಳಿದ್ರು ಡಾಕ್ಟರು. ಅಪ್ಪಂಗೆ ಚುಚ್ಚೋದು ಬೇಡ ಅಂತ ಹಟ ಹಿಡಿದಿದ್ದು ನಾನೇ."

ನನಗೆ ಮಾತೇ ಹೊರಡಲಿಲ್ಲ. ಕಾಳು ಬಿಡಿಸೋಕೆ ನಾನೂ ಕೂತೆ.

ಅವತ್ತೇ ಅವಳೇ ಪೆನ್ನು ತಂದು ಕೈಗೆ ಕೊಟ್ಟು, "ತೋರ್ಸು, ಹೆಂಗೆ" ಅಂದಳು.

ಅಂದಹಾಗೆ, ಸ್ನಾಯು ದುಡಿದಾಗ ಇನ್ಸುಲಿನ್ ಹೇಳದಿದ್ದರೂ ಗ್ಲೂಟ್-4 ಬೇರೆ ದಾರಿಯಿಂದ ಹೊರಪೊರೆಗೆ ಬರುತ್ತೆ. ಇದನ್ನು ಹೇಳಿದ್ದೇ ತಪ್ಪಾಯ್ತು. ಅವಳೀಗ ಸಂಜೆ ಹೇಮಾವತಿ ದಂಡೆವರೆಗೆ ನಡೆದುಬಂದು, ರಾತ್ರಿ ಫೋನ್ ಮಾಡಿ "ಚುಚ್ಕೊಂಡೆ ಕಣೋ. ನೀನು ಇವತ್ತು ಕುರ್ಚಿ ಬಿಟ್ಟು ಎದ್ಯಾ?" ಅಂತಾಳೆ.